ಹಳೆ ಪೆಟ್ರೋಲ್ ಜೀಪಿಗೆ ಯಾವ ಪೆಟ್ರೋಲ್, ಯಾವ ಆಯಿಲ್?

ನಮ್ಮ ಮನೆಯ ಜೀಪು 1972ರದು. ಮಹೀಂದ್ರ ಪೆಟ್ರೋಲ್ ಜೀಪು, 2.2 ಲೀಟರಿನ ಹರಿಕೇನ್ ಎಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವುದು ಸೋಲೆಕ್ಸ್ ಕಾರ್ಬುರೇಟರ್. ಅಪ್ಪ ಇದರ ಹಿಂದೆ ಟ್ರೇಲರ್ ಕಟ್ಟಿಕೊಂಡು ಮಾಗಡಿ ಹತ್ತಿರದ ತೋಟದಿಂದ ತೆಂಗಿನಕಾಯಿ, ಮಾವಿನಕಾಯಿ ತರುತ್ತಿದ್ದರು. ಈಗ ನಾನು ವಾರಕ್ಕೊಮ್ಮೆ ಬಸವನಗುಡಿಯಿಂದ ತಾವರೆಕೆರೆ ಮೇಲೆ ತೋಟಕ್ಕೆ ಹೋಗಿ ಬರುತ್ತೇನೆ. ಹೋಗಿ ಬಂದರೆ ಹೆಚ್ಚುಕಮ್ಮಿ 100 ಕಿಲೋಮೀಟರ್. ಒಂದೂವರೆ ವರ್ಷ ಇದೇ ದಾರಿಯಲ್ಲಿ ಮೂರು ಥರದ ಪೆಟ್ರೋಲ್, ಮೂರು ಥರದ ಆಯಿಲ್ ಹಾಕಿ ನೋಡಿದೆ. ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿ, ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಮೊದಲು ಪೆಟ್ರೋಲ್. ಬೆಂಗಳೂರಿನ ಬಂಕುಗಳಲ್ಲಿ ಈಗ ಸಾದಾ ಪೆಟ್ರೋಲ್ ಅಂದರೆ ಇ20, ಅಂದರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. 2023ರ ಫೆಬ್ರವರಿ 6ರಂದು ನಮ್ಮ ಊರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಇದಕ್ಕೆ ಚಾಲನೆ ಕೊಟ್ಟಿದ್ದರು. ಎರಡನೆಯದು 95 ಆಕ್ಟೇನಿನ ಪ್ರೀಮಿಯಂ ಪೆಟ್ರೋಲ್. ಮೂರನೆಯದು ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100. ಇದು ಎಲ್ಲ ಬಂಕಿನಲ್ಲೂ ಸಿಗಲ್ಲ. ಬೆಲೆಯೂ ಸಾದಾ ಪೆಟ್ರೋಲಿಗಿಂತ ಲೀಟರಿಗೆ 50 ರೂಪಾಯಿಗೂ ಜಾಸ್ತಿ.

ಯಾವುದರಲ್ಲಿ ಎಷ್ಟು ಎಥನಾಲ್ ಇದೆ ಅಂತ ಮನೆಯಲ್ಲೇ ನೋಡಬಹುದು. 100 ಮಿಲಿಯ ಗಾಜಿನ ಅಳತೆ ಸಿಲಿಂಡರ್ ತಗೊಂಡೆ. 10 ಮಿಲಿ ನೀರು ಹಾಕಿ, ಅದರ ಮೇಲೆ 90 ಮಿಲಿ ಪೆಟ್ರೋಲ್ ಹಾಕಿದೆ. ಬಾಯಿ ಮುಚ್ಚಿ ಚೆನ್ನಾಗಿ ಅಲ್ಲಾಡಿಸಿ, ಟೆರೇಸಿನ ಮೇಲೆ ನೆರಳಲ್ಲಿಟ್ಟೆ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿಕೊಳ್ಳುತ್ತೆ. ಹಾಗಾಗಿ ಕೆಳಗಿನ ಪದರ ದಪ್ಪ ಆಗುತ್ತೆ. ಸಾದಾ ಪೆಟ್ರೋಲಿನಲ್ಲಿ ಕೆಳಗಿನ ಗೆರೆ 10ರಿಂದ 27ಕ್ಕೆ ಏರಿತು. ನಾನು ತಂದ 95ರ ಪ್ರೀಮಿಯಂನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಎಕ್ಸ್‌ಪಿ100ರಲ್ಲಿ ಗೆರೆ 10 ಬಿಟ್ಟು ಕದಲಲಿಲ್ಲ. ನೀವೂ ಮಾಡುವುದಾದರೆ ಬಯಲಲ್ಲಿ ಮಾಡಿ. ಹತ್ತಿರ ಬೆಂಕಿ, ಬೀಡಿ ಏನೂ ಇರಬಾರದು.

ಈ ಒಂದು ಪರೀಕ್ಷೆಯಿಂದಲೇ 95ರ ಪ್ರೀಮಿಯಂ ನನ್ನ ಲೆಕ್ಕದಿಂದ ಹೊರಗೆ ಹೋಯಿತು. ಆಕ್ಟೇನ್ ಅಂದರೆ ಶಕ್ತಿ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಶಕ್ತಿಯಲ್ಲ, ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ. ಈ ಜೀಪಿನ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲನ್ನು ಹಿಂಡುವ ಪ್ರಮಾಣ, ಕಡಿಮೆ; 7ಕ್ಕೆ 1ರ ಆಸುಪಾಸು. ಈ ಎಂಜಿನ್ ತಯಾರಾದ ಕಾಲದ ಪೆಟ್ರೋಲಿನ ಆಕ್ಟೇನ್ ಇವತ್ತಿನ ಸಾದಾ ಪೆಟ್ರೋಲಿಗಿಂತ ಕಡಿಮೆಯೇ ಇತ್ತು. ಟ್ರೇಲರ್ ತುಂಬಾ ಕಾಯಿ ಹೇರಿಕೊಂಡು ಟಾಪ್ ಗೇರಿನಲ್ಲಿ ಏರು ಹತ್ತಿಸಿದರೂ ಇ20ರಲ್ಲಿ ಒಂದು ಸಲವೂ ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗಿ ಹೊತ್ತಿಕೊಂಡಾಗ ಬರುವ ಬಡಿತದ ಸದ್ದು, ಕೇಳಿಸಲಿಲ್ಲ. ಹಾಗಿದ್ದ ಮೇಲೆ ಆಕ್ಟೇನಿಗೆ ಅಂತ ದುಡ್ಡು ಕೊಡುವುದು ಸುಮ್ನೆ ದಂಡ.

ಆದರೆ ಎಥನಾಲ್ ವಿಷಯ ಬೇರೆ. ಇ20 ಹಾಕಿದ ಮೊದಲ ತಿಂಗಳು ಜೀಪು ಬೆಳಗ್ಗೆ ಚೋಕ್ (ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಜಾಸ್ತಿ ಕೊಡುವ ಗುಂಡಿ) ಒಳಗೆ ತಳ್ಳಿದ ಕೂಡಲೇ ಆಫ್ ಆಗುತ್ತಿತ್ತು. ಮೂರನೇ ಗೇರಿನಲ್ಲಿ ಒಂದೇ ಸಮನೆ ಹೋಗುವಾಗ ಜಗ್ಗಿ ಜಗ್ಗಿ ಹೋಗುತ್ತಿತ್ತು. ವಿಲ್ಸನ್ ಗಾರ್ಡನ್ನಿನಲ್ಲಿರುವ ನಮ್ಮ ಹಳೆಯ ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. "ನೋಡಿ ಸಾರ್, ಗಾಳಿ ಜಾಸ್ತಿ ಕುಡೀತಿದೆ, ಪೆಟ್ರೋಲ್ ಸಾಲ್ತಿಲ್ಲ" ಅಂದರು.

ಅವರು ಹೇಳಿದ್ದರ ಹಿಂದಿನ ಲೆಕ್ಕ ಇದು. ಒಂದು ಕಿಲೋ ಶುದ್ಧ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು. ಇ20ಗೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಎಂಟೊಂಬತ್ತು ಪರ್ಸೆಂಟ್ ಹೆಚ್ಚು ಪೆಟ್ರೋಲ್ ಬೇಕು. ಹೊಸ ಗಾಡಿಗಳಲ್ಲಿ ಸೈಲೆನ್ಸರ್ ಪೈಪಿನ ಸೆನ್ಸರ್ ನೋಡಿ ಕಂಪ್ಯೂಟರೇ ಅದನ್ನು ಸರಿ ಮಾಡಿಕೊಳ್ಳುತ್ತೆ. ಕಾರ್ಬುರೇಟರಿಗೆ ಗೊತ್ತಿರುವುದು ಪೆಟ್ರೋಲ್ ಬಿಡುವ ತನ್ನ ಜೆಟ್ಟಿನ ತೂತು ಮಾತ್ರ. ಬೆಂಗಳೂರಲ್ಲಿ ನಮಗೊಂದು ಅನುಕೂಲವೂ ಇದೆ. ನಾವಿರುವುದು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲೆ. ಇಲ್ಲಿ ಗಾಳಿ ತೆಳು. ಹಾಗಾಗಿ ಕೆಳಗಿನ ಊರುಗಳಿಗೆ ಹೊಂದಿಸಿದ ಕಾರ್ಬುರೇಟರ್ ಇಲ್ಲಿ ಸ್ವಲ್ಪ ಪೆಟ್ರೋಲ್ ಜಾಸ್ತಿಯೇ ಕೊಡುತ್ತೆ. ಎಥನಾಲ್ 10 ಪರ್ಸೆಂಟ್ ಇದ್ದಾಗ ನನ್ನ ಜೀಪು ತಕರಾರಿಲ್ಲದೆ ಓಡಿದ್ದು ಇದರಿಂದಲೇ ಅಂತ ನನ್ನ ನಂಬಿಕೆ. ಮಂಗಳೂರಿನಲ್ಲಿ ಇಂಥದ್ದೇ ಜೀಪು ಇಟ್ಟುಕೊಂಡವರಿಗೆ ಈ ಆಸರೆ ಇಲ್ಲ. ಅವರು ಇನ್ನೂ ಜಾಸ್ತಿ ಗಮನ ಕೊಡಬೇಕು.

ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ಜೆಟ್ ತಂದೆ. ಮೊದಲು 125 ನಂಬರ್ ಇತ್ತು, 130 ಹಾಕಿದೆವು. ನಂಬರ್ ಅಂದರೆ ತೂತಿನ ಅಗಲ, ಕೇಳೋಕೆ ಸಣ್ಣ ವ್ಯತ್ಯಾಸ. ಆದರೆ ತೂತಿನ ವಿಸ್ತೀರ್ಣ 8 ಪರ್ಸೆಂಟ್ ಹೆಚ್ಚಾಗುತ್ತೆ. ನಮಗೆ ಬೇಕಿದ್ದುದೂ ಅಷ್ಟೇ ಅಲ್ವಾ. ಜಗ್ಗುವುದು ಅವತ್ತೇ ನಿಂತಿತು. ಎರಡು ವಾರ ಬಿಟ್ಟು ಪ್ಲಗ್ ತೆಗೆದು ನೋಡಿದರೆ ತಿಳಿ ಕಾಫಿಪುಡಿ ಬಣ್ಣಕ್ಕೆ ಬಂದಿತ್ತು.

ಮೈಲೇಜ್: ಹಳೆಯ ಜೆಟ್ಟಿನಲ್ಲಿ ಇ20ಗೆ ಲೀಟರಿಗೆ 7.1 ಕಿಲೋಮೀಟರ್, 95ರ ಪ್ರೀಮಿಯಂಗೆ 7.2, ಎಕ್ಸ್‌ಪಿ100ಗೆ 8.1. ಜೆಟ್ ಬದಲಾಯಿಸಿದ ಮೇಲೆ ಇ20ಗೆ 7.5. ಜೆಟ್ ದೊಡ್ಡದಾದರೂ ಮೈಲೇಜ್ ಏರಿದ್ದು ಹೇಗೆ ಅಂತ ನನಗೂ ಮೊದಲು ಆಶ್ಚರ್ಯ ಆಗಿತ್ತು. ಮುಂಚೆ ಅರ್ಧ ದಾರಿ ಚೋಕ್ ಎಳೆದುಕೊಂಡೇ ಓಡಿಸುತ್ತಿದ್ದೆ, ಜಗ್ಗಿದಾಗಲೆಲ್ಲ ಆಕ್ಸಿಲರೇಟರ್ ಒತ್ತುತ್ತಿದ್ದೆ. ಈಗ ಅದು ತಪ್ಪಿದೆ. ಎಕ್ಸ್‌ಪಿ100ಗೂ ಇದಕ್ಕೂ ಉಳಿದಿರುವ ವ್ಯತ್ಯಾಸ ಎಥನಾಲಿನದೇ. ಲೀಟರ್ ಲೆಕ್ಕದಲ್ಲಿ ಅದರಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ.

ಎಕ್ಸ್‌ಪಿ100 ನಿಜವಾಗಿ ಗೆದ್ದಿದ್ದು ಬಿಸಿಲಿನಲ್ಲಿ. ಹರಿಕೇನ್ ಎಂಜಿನ್ನಿನಲ್ಲಿ ಕಾರ್ಬುರೇಟರ್ ನೇರವಾಗಿ ಹೆಡ್ಡಿನ ಮೇಲೆ, ಅಂದರೆ ಎಂಜಿನ್ನಿನ ಬಿಸಿಯಾದ ಮೇಲ್ಭಾಗದ ಮೇಲೆ, ಕೂತಿರುತ್ತೆ. ಏಪ್ರಿಲ್‌ನಲ್ಲಿ ಸುಂಕದಕಟ್ಟೆ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತು, ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಇ20 ತುಂಬಾ ಸತಾಯಿಸಿತು. ಕಾರ್ಬುರೇಟರಿನೊಳಗೆ ಪೆಟ್ರೋಲ್ ಕುದಿಯುವ ಸಣ್ಣ ಸದ್ದು ಬಾನೆಟ್ ಎತ್ತಿದರೆ ಕೇಳಿಸುತ್ತಿತ್ತು. ಎಕ್ಸ್‌ಪಿ100ರಲ್ಲಿ ಆ ಕಾಟ ಇರಲಿಲ್ಲ. ಆಮೇಲೆ ಕಾರ್ಬುರೇಟರಿನ ಕೆಳಗೆ ಬಿಸಿ ತಡೆಯುವ ದಪ್ಪನೆಯ ಬೇಕಲೈಟ್ ತುಂಡು ಕೊಟ್ಟು ಕೂರಿಸಿದೆವು. ಇ20ರಲ್ಲೂ ಮುಕ್ಕಾಲು ಪಾಲು ಸರಿಹೋಯಿತು.

ಪೈಪಿನ ಮಾತು ಮರೆಯಬಾರದು. ಈ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗೇ ಇದೆ. ಒಂದು ದಿನ ಸೀಟಿನ ಕೆಳಗಿನಿಂದ ಪೆಟ್ರೋಲ್ ವಾಸನೆ ಬಂತು. ಹಳೆಯ ರಬ್ಬರ್ ಪೈಪ್ ಮುಟ್ಟಿದರೆ ನೆನೆಸಿದ ಹುಣಸೆಹಣ್ಣಿನ ಹಾಗೆ ಮೆತ್ತಗಾಗಿತ್ತು, ಬೆರಳಿಗೆ ಕಪ್ಪು ಹತ್ತಿತು. ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ಕಾರ್ಬುರೇಟರಿಗೆ ಎಲ್ಲವನ್ನೂ ಎಥನಾಲ್ ತಡೆಯುವ ವೈಟಾನ್ ಪೈಪಿಗೆ ಬದಲಾಯಿಸಿದೆ. ಪಂಪಿನ ಡಯಾಫ್ರಮ್ ಕೂಡ. ದಯವಿಟ್ಟು ಇ20 ಹಾಕುವ ಹಳೆ ಗಾಡಿಯವರು ಈ ಕೆಲಸವನ್ನು ಮೊದಲು ಮಾಡಿಸಿ. ಮೈಲೇಜ್ ಆಮೇಲೆ ನೋಡಿಕೊಳ್ಳಬಹುದು, ಇದು ಬೆಂಕಿಯ ವಿಷಯ.

ಇನ್ನು ಆಯಿಲ್. ಇದರ ಹೆಸರಿನಲ್ಲಿ ಮೊದಲ ನಂಬರ್ ಚಳಿಯಲ್ಲಿ, ಎರಡನೆಯದು ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಅಂತ ಹೇಳುತ್ತೆ; ನಂಬರ್ ಹೆಚ್ಚಿದಷ್ಟೂ ದಪ್ಪ. ಮೊದಲು ಹಾಕಿದ್ದು 5ಡಬ್ಲ್ಯೂ-30 ಫುಲ್ ಸಿಂಥೆಟಿಕ್. ತುಂಬಾ ಒಳ್ಳೆ ಆಯಿಲ್, ಹೊಸ ಎಂಜಿನ್ನಿಗೆ. ನಮ್ಮ ಎಂಜಿನ್ ಬಿಸಿಯಾಗಿ ನಿಧಾನಕ್ಕೆ ತಿರುಗುವಾಗ ಆಯಿಲ್ ಒತ್ತಡ ತೋರಿಸುವ ಮೀಟರಿನ ಮುಳ್ಳು 7ಕ್ಕೆ ಇಳಿಯಿತು. ಎಂಜಿನ್ನಿನ ಹಿಂಬದಿಯ ಸೀಲಿನಿಂದ ಆಯಿಲ್ ತೊಟ್ಟಿಕ್ಕತೊಡಗಿತು. "ನಿನ್ನ ಜೀಪು ದಿನಾ ನನ್ನ ರಂಗೋಲಿಗೆ ಕಪ್ಪು ಚುಕ್ಕಿ ಇಡ್ತಿದೆ ಕಣೋ" ಅಂತ ಅಮ್ಮ ಹೇಳಿದ ಮೇಲೆ, ಸಾವಿರ ಕಿಲೋಮೀಟರಿಗೇ ಇಳಿಸಿಬಿಟ್ಟೆ. ಅಷ್ಟರಲ್ಲಿ 900 ಮಿಲಿ ಟಾಪ್ ಅಪ್ ಮಾಡಿದ್ದೆ.

ಇನ್ನೊಂದು ಕಾರಣವೂ ಇದೆ. ಈ ಎಂಜಿನ್ನಿನಲ್ಲಿ ವಾಲ್ವ್ ತೆರೆಯುವ ಟ್ಯಾಪೆಟ್‌ಗಳು ತಮ್ಮನ್ನು ಎತ್ತುವ ಕ್ಯಾಮ್ ಮೇಲೆ ಉಜ್ಜಿಕೊಂಡೇ ಓಡುತ್ತವೆ, ನಡುವೆ ರೋಲರ್ ಇಲ್ಲ. ಅಲ್ಲಿ ಸವೆತ ತಡೆಯುವುದು ಆಯಿಲ್‌ನಲ್ಲಿರುವ ಸತು ಮತ್ತು ರಂಜಕದ ಅಂಶ. ಹೊಸ ಕಾರುಗಳ 5ಡಬ್ಲ್ಯೂ-30 ಥರದ ತೆಳು ಪೆಟ್ರೋಲ್ ಆಯಿಲ್‌ಗಳಲ್ಲಿ, ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಅಂತ, ರಂಜಕವನ್ನು 0.08 ಪರ್ಸೆಂಟಿಗೆ ಮಿತಿ ಮಾಡಿದ್ದಾರೆ. ನಮ್ಮ ಜೀಪಿಗೆ ಆ ಕನ್ವರ್ಟರೇ ಇಲ್ಲ.

ಎರಡನೆಯದು 20ಡಬ್ಲ್ಯೂ-50. ಬಿಸಿಯಲ್ಲಿ ಮುಳ್ಳು 18ರಲ್ಲಿ ನಿಂತಿತು, ಟಾಪ್ ಅಪ್ ಸಾವಿರ ಕಿಲೋಮೀಟರಿಗೆ 250 ಮಿಲಿ. ಆದರೆ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಮೂರು ನಾಲ್ಕು ಸೆಕೆಂಡ್ ಮೇಲಿನಿಂದ ಟಕಟಕ ಸದ್ದು. ಆಯಿಲ್ ಮೇಲೆ ಹತ್ತಲು ಅಷ್ಟು ಹೊತ್ತು ಬೇಕಾಗುತ್ತಿತ್ತು.

ಮೂರನೆಯದು ಲಾರಿ, ಟ್ರಾಕ್ಟರಿಗೆ ಹಾಕುವ 15ಡಬ್ಲ್ಯೂ-40 ಡೀಸೆಲ್ ಆಯಿಲ್, ಸಿಐ-4 ದರ್ಜೆಯದು. ಬಿಸಿಯಲ್ಲಿ ಮುಳ್ಳು 14, ಟಾಪ್ ಅಪ್ 350 ಮಿಲಿ, ಬೆಳಗಿನ ಟಕಟಕ ಇಲ್ಲ. ಸವೆತ ತಡೆಯುವ ಅಂಶವೂ ಇದರಲ್ಲಿ ಜಾಸ್ತಿ. ಮಾಗಡಿಯ ಯಾವ ಟ್ರಾಕ್ಟರ್ ಅಂಗಡಿಯಲ್ಲಿ ಕೇಳಿದರೂ ಸಿಗುತ್ತೆ. ಒಂದೇ ಎಚ್ಚರ ಬೇಕು. ಇದರ ತೊಳೆಯುವ ಗುಣ ಜೋರು. ವರ್ಷಗಟ್ಟಲೆ ಕೂತ ಜಿಡ್ಡು ಎಬ್ಬಿಸುತ್ತೆ. ಮೊದಲ ಸಲ ಸಾವಿರ ಕಿಲೋಮೀಟರಿಗೇ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ. ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಲ್ಲುವ ಗಾಡಿಯಾದರೆ, ಅದೂ ಎಂಜಿನ್ ಸವೆದಿದ್ದರೆ, 20ಡಬ್ಲ್ಯೂ-50 ಹಾಕಿ ಅಂತಲೇ ಹೇಳುತ್ತೇನೆ. ನನ್ನ ಓಡಾಟಕ್ಕೆ 15ಡಬ್ಲ್ಯೂ-40 ಸರಿಹೋಯಿತು, ಅದೇ ಇದೆ.

ಪೆಟ್ರೋಲಿನಲ್ಲಿ ವಾರವಾರದ ಓಡಾಟಕ್ಕೆ ಇ20. ದೊಡ್ಡ ಜೆಟ್, ಹೊಸ ಪೈಪ್ ಇದ್ದರೆ ಅದು ಸಾಕು. ಎಕ್ಸ್‌ಪಿ100 ಹಾಕುವುದು ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ ಜೀಪು ಆರು ವಾರ ಶೆಡ್ಡಿನಲ್ಲಿ ನಿಲ್ಲುವ ಮುಂಚೆ. ಮೊದಲ ಮಳೆಗಾಲ ಇ20 ಇದ್ದಂತೆಯೇ ನಿಲ್ಲಿಸಿದ್ದೆ. ಎಥನಾಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತೆ. ಬಿಚ್ಚಿದಾಗ ಕಾರ್ಬುರೇಟರಿನ ತಳದಲ್ಲಿ ಬಿಳಿ ಪುಡಿ ಕೂತಿತ್ತು, ಜೆಟ್ ಕಟ್ಟಿಕೊಂಡಿತ್ತು, ಒಂದು ಇಡೀ ಭಾನುವಾರ ಹೋಯಿತು. ಎರಡನೇ ಮಳೆಗಾಲಕ್ಕೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹತ್ತು ಲೀಟರ್ ಎಕ್ಸ್‌ಪಿ100 ಹಾಕಿ, ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದೆ. ಆರು ವಾರ ಬಿಟ್ಟು ಚೋಕ್ ಎಳೆದು ಸೆಲ್ಫ್ ಹೊಡೆದೆ. ಎರಡನೆಯದಕ್ಕೆ ಸ್ಟಾರ್ಟ್ ಆಯಿತು.