ರಥಬೀದಿ ಹತ್ತಿರ ಒಂದು ಹಳೇ ಪುಸ್ತಕದಂಗಡಿ

ಉಡುಪಿ ರಥಬೀದಿಯಿಂದ ಎರಡು ತಿರುವು ದಾಟಿದರೆ ಈ ಅಂಗಡಿ ಸಿಗುತ್ತದೆ. ಬೋರ್ಡ್ ಇಲ್ಲ. ನಾನು ದೇವರನ್ನು ನಂಬುವವನಲ್ಲ, ಅಂಗಡಿಯವರ ಹಣೆ ತುಂಬಾ ಗೋಪಿಚಂದನ. ‘ಚಾರ್ವಾಕರ ಬಗ್ಗೆ ಏನಾದ್ರೂ ಉಂಟಾ?’ ಅಂತ ಅಳುಕುತ್ತಲೇ ಕೇಳಿದೆ. ಪಂಚಾಂಗದ ಕಟ್ಟು ಸರಿಸಿ, ಧೂಳು ಊದಿ, ‘ಸರ್ವದರ್ಶನ ಸಂಗ್ರಹ’ ಕೈಗಿಟ್ಟರು. 14ನೇ ಶತಮಾನದ ಮಾಧವಾಚಾರ್ಯರು ಬರೆದದ್ದು. ಅವರು ವೇದಾಂತಿ, ಆದರೂ 16 ದರ್ಶನಗಳಲ್ಲಿ, ಅಂದರೆ ತತ್ತ್ವಪಂಥಗಳಲ್ಲಿ, ಮೊದಲ ಅಧ್ಯಾಯವೇ ಚಾರ್ವಾಕರದ್ದು! ದೇವರಿಲ್ಲ, ಪರಲೋಕವಿಲ್ಲ, ಕಣ್ಣಿಗೆ ಕಂಡದ್ದೇ ಪ್ರಮಾಣ ಅಂದವರ ಮಾತು, ಅದನ್ನು ಒಪ್ಪದವರ ಪುಸ್ತಕದಲ್ಲಿ ಉಳಿದಿದೆ. ಈ ಅಂಗಡಿಯೂ ಹಾಗೇ ಅಲ್ವಾ?

ರೇಟು 180 ರೂಪಾಯಿ. ಪರ್ಸ್ ಮನೆಯಲ್ಲಿ ಮರೆತಿದ್ದೆ. ‘ಸಾಲ ಮಾಡಿಯಾದ್ರೂ ತುಪ್ಪ ಕುಡಿ ಅಂದಿದ್ದಾರಲ್ಲ ಚಾರ್ವಾಕರು, ನಾಳೆ ಕೊಡ್ಲಾ?’ ಅಂದೆ. ‘ಅದು ಅವರ ಮತ ಮಾರಾಯ್ರೆ, ನಮ್ಮದಲ್ಲ’ ಅಂತ ನಕ್ಕು ಫೋನ್‌ಪೇ ಸ್ಟಿಕರ್ ತೋರಿಸಿದರು.

ಬೇಜಾರು ಒಂದೇ. ಮಳೆಗಾಲದ ತೇವಕ್ಕೆ ಪುಟಗಳು ಅಂಟಿವೆ, ಕೊನೆಯ ಹತ್ತು ಪುಟ ಗೆದ್ದಲಿನ ಪಾಲು. ಮನೆಗೆ ಬಂದ ಮೇಲೆ ಗೊತ್ತಾಯಿತು. ಬಿಡಿಸಿ ನೋಡಿಯೇ ತೆಗೆದುಕೊಳ್ಳಿ. ನಂಬಿಕೆ ಮೇಲೆ ಬೇಡ.