‘ಬಡ್ಡೀಲಿ ಜೀವನ ಆಗುತ್ತೆ’ ಅಂತ 53ಕ್ಕೇ ವಿಆರ್‌ಎಸ್ ಬರೆಯೋರು ಒಮ್ಮೆ ಓದಿ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಬೆಳವಾಡಿ ಕಡೆಯ ಯಾವ ಕಾರ್ಖಾನೆಯಲ್ಲಿ ಸ್ವಯಂ ನಿವೃತ್ತಿ ಸುತ್ತೋಲೆ ಬೋರ್ಡಿಗೆ ಬಿದ್ದರೂ ಕ್ಯಾಂಟೀನಿನಲ್ಲಿ ಓಡಾಡೋದು ಒಂದೇ ಲೆಕ್ಕ. ಒಟ್ಟು ಎಷ್ಟು ಲಕ್ಷ ಕೈಗೆ ಬರುತ್ತೆ, ಬಡ್ಡಿಗೆ ಹಾಕಿದರೆ ತಿಂಗಳಿಗೆ ಎಷ್ಟಾಗುತ್ತೆ, ಮನೆ ಖರ್ಚು ಎಷ್ಟು. ಬಡ್ಡಿ ಜಾಸ್ತಿ ಬಂತು ಅಂದರೆ ಅರ್ಜಿಗೆ ಸಹಿ. ಈ ಲೆಕ್ಕ ನಂಬಿ 2019ರ ಜೂನ್‌ನಲ್ಲಿ, 53ನೇ ವಯಸ್ಸಿಗೆ, ಕೆಲಸ ಬಿಟ್ಟವರೊಬ್ಬರ ದುಡ್ಡು ಮೂರೇ ವರ್ಷದಲ್ಲಿ ಎಲ್ಲಿ ಹೋಯಿತು ಅನ್ನೋದನ್ನ ಅಂಕಿ ಸಮೇತ ಇಲ್ಲಿ ಇಡುತ್ತಿದ್ದೇವೆ. ಅವರ ಹೆಸರು, ಕಾರ್ಖಾನೆ, ದುಡ್ಡು ಮುಳುಗಿದ ಸೊಸೈಟಿ ಇಲ್ಲಿ ಮುಖ್ಯವಲ್ಲ.

ಅವರ ಲೆಕ್ಕ ಇದ್ದದ್ದು ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ಐದು ಸಾಲು. ಪಿಎಫ್ 31 ಲಕ್ಷ. ಗ್ರಾಚ್ಯುಟಿ 7. ತೆರಿಗೆ ಕಳೆದು ವಿಆರ್‌ಎಸ್ ಹಣ 14. ಮೊದಲೇ ಇದ್ದ ಎಫ್‌ಡಿ 6.5. ಮಹಡಿ ಮನೆಯ ಭೋಗ್ಯ 7. ಒಟ್ಟು 65.5 ಲಕ್ಷ. ಇದರಲ್ಲಿ 25 ಲಕ್ಷ ಒಂದು ಪತ್ತಿನ ಸಹಕಾರಿಯಲ್ಲಿ ಶೇ 9.5ಕ್ಕೆ, ಉಳಿದ 40.5 ಲಕ್ಷ ಬ್ಯಾಂಕಿನಲ್ಲಿ ಶೇ 7ಕ್ಕೆ. ವರ್ಷಕ್ಕೆ 5.21 ಲಕ್ಷ, ಅಂದರೆ ತಿಂಗಳಿಗೆ 43,400. ಮನೆ ಖರ್ಚು ಅಂತ ಬರೆದದ್ದು 32,000. ‘ಉಳಿತಾಯ 11,400’ ಅಂತ ಕೆಳಗೆ ಎರಡು ಗೆರೆ ಎಳೆದಿದ್ದರು. ಕೂಡಿದ್ದು, ಭಾಗಿಸಿದ್ದು ಎಲ್ಲ ಸರಿಯಾಗೇ ಇತ್ತು. ಬರೆದುಕೊಂಡ ಅಂಕಿಗಳಲ್ಲೇ ತಪ್ಪಿತ್ತು.

ಮೊದಲು ಭೋಗ್ಯ. ಮೈಸೂರು, ಮಂಡ್ಯ ಎರಡೂ ಕಡೆ ಈ ತಪ್ಪು ಮಾಮೂಲಿ. ಭೋಗ್ಯದ ದುಡ್ಡು ನಿಮ್ಮದಲ್ಲ, ಸಾಲ. ಕರಾರು ಮುಗಿದ ದಿನ ಅಷ್ಟಕ್ಕಷ್ಟೂ ವಾಪಸ್ ಕೊಡಬೇಕು, ಅಲ್ಲೀವರೆಗೆ ಬಾಡಿಗೆಯೂ ಇಲ್ಲ. ಆ 7 ಲಕ್ಷ ತೆಗೆದರೆ ಇವರ ಸ್ವಂತದ್ದು 58.5 ಲಕ್ಷ. ಕೆಲಸ ಬಿಡುವ ಯೋಚನೆ ಇದ್ದರೆ ಎರಡು ವರ್ಷ ಮುಂಚೆಯೇ ಭೋಗ್ಯ ತೀರಿಸಿ ಬಾಡಿಗೆಗೆ ತಿರುಗಿಸಿಕೊಳ್ಳಿ. ಬಾಡಿಗೆ ಬೆಲೆಯ ಜೊತೆ ಏರುತ್ತೆ, ಎಫ್‌ಡಿ ಬಡ್ಡಿಗೆ ಆ ಗುಣ ಇಲ್ಲ.

ಎರಡನೆಯದು 32,000 ಅನ್ನೋ ಖರ್ಚು. ಅದು ದಿನಸಿ, ಹಾಲು, ಗ್ಯಾಸು, ಕರೆಂಟು, ನೀರು, ಮೊಬೈಲು, ಪೆಟ್ರೋಲು, ಔಷಧಿ ಕೂಡಿದ ಮೊತ್ತ. ವರ್ಷಕ್ಕೊಮ್ಮೆ ಬರೋದು ಒಂದೂ ಇರಲಿಲ್ಲ: ಮನೆ ಕಂದಾಯ, ಗಾಡಿ ಇನ್ಶೂರೆನ್ಸ್, ಮದುವೆ ಗೃಹಪ್ರವೇಶಗಳ ಮುಯ್ಯಿ, ಗೌರಿ ಹಬ್ಬದ ಬಾಗಿನ, ಬೋರ್‌ವೆಲ್ ಮೋಟಾರು, ಹಲ್ಲಿನ ಡಾಕ್ಟರು, ಸುಣ್ಣ ಬಣ್ಣ. ಕಾರ್ಖಾನೆ ಕೊಡುತ್ತಿದ್ದ ಬಸ್ಸು, ಮಧ್ಯಾಹ್ನದ ಊಟ, ಆಸ್ಪತ್ರೆ ಖರ್ಚು ನಿಂತುಹೋಗುತ್ತೆ ಅನ್ನೋದೂ ಇರಲಿಲ್ಲ. ಎಲ್ಲ ಸೇರಿಸಿದಾಗ ತಿಂಗಳಿಗೆ 45,000 ಬಂತು, ಬಡ್ಡಿಗಿಂತ ಜಾಸ್ತಿ. ಅಂದರೆ ಮೊದಲ ತಿಂಗಳಿಂದಲೇ ಅಸಲು ಕರಗುತ್ತಿತ್ತು.

ಖರ್ಚನ್ನ ನೆನಪಿನಿಂದ ಬರೆಯಬೇಡಿ. ಗಂಡ ಹೆಂಡತಿ ಇಬ್ಬರ ಪಾಸ್‌ಬುಕ್ಕಿನಿಂದ ಹಿಂದಿನ 24 ತಿಂಗಳ ಡೆಬಿಟ್ಟುಗಳನ್ನೆಲ್ಲ ಕೂಡಿ. ಸಾಲದ ಕಂತು, ಮಕ್ಕಳ ಫೀಸು ಥರ ಮುಗಿದುಹೋಗುವಂಥದ್ದು ಕಳೆಯಿರಿ. ಸಂಬಳದಲ್ಲೇ ಕಡಿತ ಆಗುತ್ತಿದ್ದ ಇನ್ಶೂರೆನ್ಸ್, ಸೊಸೈಟಿ ಕಂತು ಕೂಡಿಸಿ, 24ರಿಂದ ಭಾಗಿಸಿ. 12 ತಿಂಗಳು ಸಾಲದು, ಯಾಕಂದ್ರೆ ದೊಡ್ಡ ರಿಪೇರಿಗಳು ಒಂದು ವರ್ಷ ಬಂದು ಇನ್ನೊಂದು ವರ್ಷ ಬರೋದಿಲ್ಲ.

ಇನ್ನು ಬಡ್ಡಿ ದರ. ಶೇ 7 ಅನ್ನೋದು 2019ರ ದರ, ಇವರು ಎಲ್ಲವನ್ನೂ ಒಂದೇ ವರ್ಷದ ಎಫ್‌ಡಿಗೆ ಹಾಕಿದ್ದರು. 2020ರ ಮೇನಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನ (ಬ್ಯಾಂಕುಗಳಿಗೆ ತಾನು ಸಾಲ ಕೊಡುವ ದರ) ಶೇ 4ಕ್ಕೆ ಇಳಿಸಿತು, ಅದು ಎರಡು ವರ್ಷ ಅಲ್ಲೇ ನಿಂತಿತು. ನವೀಕರಿಸಲು ಹೋದಾಗ ಸಿಕ್ಕಿದ್ದು 5.4. 40.5 ಲಕ್ಷದ ಮೇಲೆ ಈ ಇಳಿತ ಅಂದರೆ ತಿಂಗಳಿಗೆ 5,400 ರೂಪಾಯಿ ಖೋತಾ. ಎಫ್‌ಡಿಯನ್ನ ಐದು ತುಂಡು ಮಾಡಿ ಒಂದು, ಎರಡು, ಮೂರು, ನಾಲ್ಕು, ಐದು ವರ್ಷಕ್ಕೆ ಹಾಕಿದ್ದರೆ ದರ ಬಿದ್ದ ವರ್ಷ ಐದರಲ್ಲಿ ಒಂದಕ್ಕೆ ಮಾತ್ರ ಪೆಟ್ಟು ಬೀಳುತ್ತಿತ್ತು.

ಅಷ್ಟರಲ್ಲಿ ಖರ್ಚು ಸುಮ್ಮನಿರಲಿಲ್ಲ. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದರೆ 12 ವರ್ಷಕ್ಕೆ ಖರ್ಚು ಎರಡರಷ್ಟು. ಇವತ್ತಿನ 45,000 ಏಳು ವರ್ಷಕ್ಕೆ 67,000 ದಾಟುತ್ತೆ, ಹನ್ನೆರಡಕ್ಕೆ 90,000. ಸ್ಥಿರ ಬಡ್ಡಿ, ಏರುವ ಖರ್ಚು: ‘ಅಸಲು ಮುಟ್ಟೋದಿಲ್ಲ, ಬಡ್ಡೀಲೇ ಬದುಕ್ತೀವಿ’ ಅನ್ನೋರೆಲ್ಲ ಎಡವೋದು ಇಲ್ಲೇ. ಬಡ್ಡಿಯಲ್ಲಿ ಒಂದು ಭಾಗ ಪ್ರತಿ ವರ್ಷ ಅಸಲಿಗೇ ವಾಪಸ್ ಹೋಗದಿದ್ದರೆ ಆ ಅಸಲಿನ ಕೊಳ್ಳುವ ಶಕ್ತಿ ಸವೆಯುತ್ತೆ.

2021ರ ಮಧ್ಯದಲ್ಲಿ ಪತ್ತಿನ ಸಹಕಾರಿ ಬಡ್ಡಿ ಕೊಡೋದು ನಿಲ್ಲಿಸಿತು. ಆ ದುಡ್ಡಿಗೆ ಎಷ್ಟು ಭದ್ರತೆ ಇತ್ತು ಅನ್ನೋದು ಠೇವಣಿ ಪತ್ರ ನೋಡಿದರೆ ತಿಳಿಯುತ್ತೆ. ಮಧ್ಯದಲ್ಲಿ ದಪ್ಪಕ್ಷರದಲ್ಲಿ 9.5, ಕೆಳಗೆ ಅಧ್ಯಕ್ಷರು, ಕಾರ್ಯದರ್ಶಿಗಳ ಸಹಿ, ದುಂಡು ಸೀಲು. ಠೇವಣಿ ವಿಮೆಯ ಬಗ್ಗೆ ಒಂದಕ್ಷರ ಇಲ್ಲ, ಇರೋದಕ್ಕೆ ಸಾಧ್ಯವೂ ಇಲ್ಲ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ, ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ನಿಗಮ) ವಿಮೆ ಇದೆ: 2020ರ ಫೆಬ್ರವರಿ 4ರಿಂದ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಇಲ್ಲ. ಅವು ಬರೋದು ಸಹಕಾರ ಇಲಾಖೆಯ ಕಾಯ್ದೆಗಳ ಕೆಳಗೆ. ಎಲ್ಲ ಸೊಸೈಟಿಯೂ ಕೆಟ್ಟದ್ದು ಅಂತ ಹೇಳುತ್ತಿಲ್ಲ, ಚೆನ್ನಾಗಿ ನಡೆಯುತ್ತಿರುವವು ಎಷ್ಟೋ ಇವೆ. ಆದರೆ ಹೊಟ್ಟೆಪಾಡಿನ ದುಡ್ಡು ಅಲ್ಲಿ ಹೋಗಬಾರದು. ಬ್ಯಾಂಕಿಗಿಂತ ಎರಡೂವರೆ ಪರ್ಸೆಂಟ್ ಜಾಸ್ತಿ ಕೊಡುತ್ತಾರೆ ಅಂದರೆ ಆ ಎರಡೂವರೆ ನಿಮ್ಮ ಅಪಾಯಕ್ಕೆ ಕಟ್ಟಿದ ಬೆಲೆ. ‘ನಿರ್ದೇಶಕರು ನಮ್ಮ ಬೀದಿಯವರೇ’ ಅನ್ನೋದು ಭದ್ರತೆ ಆಗೋದಿಲ್ಲ.

ಅದೇ ವರ್ಷ ಸ್ಟೆಂಟ್ ಹಾಕಿಸಬೇಕಾಯಿತು, ಖಾಸಗಿ ಆಸ್ಪತ್ರೆಯಲ್ಲಿ 2.6 ಲಕ್ಷ. ಕಾರ್ಖಾನೆಯ ಗ್ರೂಪ್ ಪಾಲಿಸಿ ಕೊನೇ ಕೆಲಸದ ದಿನಕ್ಕೇ ಮುಗಿದಿತ್ತು. ಆಮೇಲೆ ಮಾಡಿಸಿದ ಸ್ವಂತ ಪಾಲಿಸಿಯಲ್ಲಿ ಸಕ್ಕರೆ ಕಾಯಿಲೆ ಮೊದಲೇ ಇತ್ತು ಅಂತ ಕಾಯುವ ಅವಧಿ (ಹಳೇ ಕಾಯಿಲೆಗೆ ಕ್ಲೇಮು ಕೊಡದ ಮೊದಲ ಕೆಲವು ವರ್ಷ) ಇನ್ನೂ ಓಡುತ್ತಿತ್ತು, ಕ್ಲೇಮು ತಿರಸ್ಕಾರ ಆಯಿತು. ಈಗ ಮೊದಲೇ ಇರುವ ಕಾಯಿಲೆಗೆ ಗರಿಷ್ಠ ಕಾಯುವ ಅವಧಿ ಮೂರು ವರ್ಷ. ಹಾಗಾಗಿ ಕೆಲಸ ಬಿಡುವ ಮೂರು ವರ್ಷ ಮುಂಚೆಯೇ ಸ್ವಂತ ಪಾಲಿಸಿ ಶುರುವಾಗಿರಬೇಕು, ಗ್ರೂಪ್ ಪಾಲಿಸಿ ಇದ್ದರೂ ಸರಿ. ಆ ಸಮಯ ಮೀರಿದ್ದರೆ ರಿಲೀವ್ ಆಗುವ ಮೊದಲೇ ಅದೇ ಇನ್ಶೂರೆನ್ಸ್ ಕಂಪನಿಗೆ ಬರೆದು, ಗ್ರೂಪಿನಿಂದ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಅಂತ ಕೇಳಿ. ಕಂಪನಿ ಒಪ್ಪಿದರೆ ಗ್ರೂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಗೆ ಜಮಾ ಆಗುತ್ತವೆ. ಸಕ್ಕರೆ, ಬಿಪಿ ಮುಚ್ಚಿಡಬೇಡಿ, ಕ್ಲೇಮು ಬೀಳೋದು ಅಲ್ಲೇ. ವೈಯಕ್ತಿಕ ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ, ಅಷ್ಟು ಹಗುರ. 70 ತುಂಬಿದ ಮೇಲೆ ಆದಾಯ ನೋಡದೆ ಆಯುಷ್ಮಾನ್ ಭಾರತ್‌ನ 5 ಲಕ್ಷದ ರಕ್ಷಣೆ ಇದೆ, ಆದರೆ 53ರಿಂದ 70ರವರೆಗೆ ಹದಿನೇಳು ವರ್ಷ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಚಂದಾ ಐದು ವರ್ಷ ಕಟ್ಟಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಸಬಹುದು, ಎಷ್ಟೋ ಜನ ಕೇಳೋದೇ ಇಲ್ಲ.

2022ರ ಮಧ್ಯಕ್ಕೆ ಭೋಗ್ಯದವರು ಮನೆ ಬಿಟ್ಟರು, 7 ಲಕ್ಷ ವಾಪಸ್ ಹೋಯಿತು. ಬ್ಯಾಂಕಿನಲ್ಲಿ ಉಳಿದದ್ದು 25 ಲಕ್ಷದ ಆಸುಪಾಸು. ವಯಸ್ಸು 56.

ಈ ಇಡೀ ಪ್ರಕರಣದಲ್ಲಿ ತೀರಾ ಹೊಟ್ಟೆ ಉರಿಸೋದು ಪಿಎಫ್. ಅದನ್ನ ಮುರಿಯುವ ಅಗತ್ಯವೇ ಇರಲಿಲ್ಲ. ಕೆಲಸ ಬಿಟ್ಟರೂ ಪಿಎಫ್ ಖಾತೆಗೆ 58ರವರೆಗೆ ಬಡ್ಡಿ ಬೀಳುತ್ತೆ (ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಇದೆ, ಅಷ್ಟೆ). 2019-20 ಮತ್ತು 2020-21ಕ್ಕೆ ಶೇ 8.5, ಮುಂದೆ 8.1, 8.15, 2023-24ಕ್ಕೆ 8.25. ಬ್ಯಾಂಕು 5.4 ಕೊಡುತ್ತಿದ್ದಾಗ ಇದು 8.5! ಮುಟ್ಟದೆ ಬಿಟ್ಟಿದ್ದರೆ 31 ಲಕ್ಷ 58ರ ಹೊತ್ತಿಗೆ ತೆರಿಗೆಗೆ ಮುಂಚೆ ಸುಮಾರು 45 ಲಕ್ಷ ಆಗಿರುತ್ತಿತ್ತು. ವಿಆರ್‌ಎಸ್, ಗ್ರಾಚ್ಯುಟಿ, ಹಳೇ ಎಫ್‌ಡಿ ಸೇರಿ 27.5 ಲಕ್ಷದಲ್ಲಿ ಆ ಐದು ವರ್ಷ ಹೇಗೋ ದೂಡಬಹುದಿತ್ತು. ಕೆಲಸದಲ್ಲೇ ಇದ್ದಿದ್ದರಂತೂ ಹೊಸ ಕಂತೇ ಆರು ಲಕ್ಷದ ಮೇಲೆ ಸೇರುತ್ತಿತ್ತು.

ಪಿಂಚಣಿ ಬರುತ್ತಲ್ಲ ಅಂತೀರಿ. ಇಪಿಎಸ್‌ನ (ಪಿಎಫ್ ಜೊತೆಗೇ ಇರುವ ಪಿಂಚಣಿ ಯೋಜನೆ) ಸೂತ್ರ: ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನ ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸೋದು. ನಿಮ್ಮ ಬೇಸಿಕ್ 45,000 ಇದ್ದರೂ ಸಾಮಾನ್ಯವಾಗಿ ಲೆಕ್ಕಕ್ಕೆ ಬರೋದು 15,000, ಅದೂ 2014ರ ಸೆಪ್ಟೆಂಬರ್‌ನಿಂದ. ಅದಕ್ಕೂ ಹಿಂದಿನ ಸೇವೆಗೆ 6,500. ಪೂರ್ತಿ ಪಿಂಚಣಿ 58ಕ್ಕೆ. 50ರ ನಂತರ ಮೊದಲೇ ತಗೊಂಡರೆ ಕಡಿಮೆ ಬಿದ್ದ ಪ್ರತಿ ವರ್ಷಕ್ಕೆ ಶೇ 4 ಶಾಶ್ವತ ಕಡಿತ, ತುಟ್ಟಿಭತ್ಯೆ ಇಲ್ಲ. ಇವರು ದುಡ್ಡು ಸಾಲದೆ 56ಕ್ಕೇ ತಗೊಂಡರು. ಬರುತ್ತಿರೋದು ಮೂರು ಸಾವಿರದ ಅಕ್ಕಪಕ್ಕ. ಹಾಲು ಮತ್ತು ಗ್ಯಾಸಿನ ಖರ್ಚಿಗೆ ಸರಿ.

ಪಾಂಡವಪುರದ ಕಡೆ ಒಂದೂವರೆ ಎಕರೆ ಕಬ್ಬಿನ ಗದ್ದೆಯೂ ಇವರ ಮನಸ್ಸಿನ ಲೆಕ್ಕದಲ್ಲಿತ್ತು. 2023ರ ಬರದಲ್ಲಿ ಕೆಆರ್‌ಎಸ್ ತುಂಬಲಿಲ್ಲ, ನಾಲೆ ನೀರು ನಂಬುವ ಹಾಗಿರಲಿಲ್ಲ. ಜಮೀನಿನ ಆದಾಯವನ್ನ ನಿವೃತ್ತಿ ಲೆಕ್ಕದಲ್ಲಿ ಸೊನ್ನೆ ಅಂತಲೇ ಬರೆಯಿರಿ. ಬಂದರೆ ಲಾಭ.

ಹಾಗಾದರೆ ಎಷ್ಟಿದ್ದರೆ ಸಾಕು? ‘ವರ್ಷದ ಖರ್ಚಿನ 25 ಪಟ್ಟು’ ಅಂತ ಯೂಟ್ಯೂಬಿನಲ್ಲಿ ಹೇಳೋದು 1994ರಲ್ಲಿ ವಿಲಿಯಂ ಬೆಂಗೆನ್ ಅನ್ನೋ ಹಣಕಾಸು ಸಲಹೆಗಾರ ಅಮೆರಿಕದ ಷೇರು, ಬಾಂಡುಗಳ ಅಂಕಿಯ ಮೇಲೆ 30 ವರ್ಷಕ್ಕೆ ಕಟ್ಟಿದ ಲೆಕ್ಕದಿಂದ ಬಂದದ್ದು. ನಮ್ಮ ಬೆಲೆ ಏರಿಕೆ, ನಮ್ಮ ಎಫ್‌ಡಿಗೆ ಅದನ್ನ ಹಾಗೇ ಅಂಟಿಸಬಾರದು. ತೆರಿಗೆ, ಬೆಲೆ ಏರಿಕೆ ಎರಡೂ ಕಳೆದ ಮೇಲೆ ನಿಮ್ಮ ಹಣ ನಿಜವಾಗಿ ಶೇ 1ರಷ್ಟು ಬೆಳೆಯುತ್ತೆ ಅಂತ ಇಟ್ಟುಕೊಳ್ಳಿ, 85ರವರೆಗೆ ಬದುಕು ಅಂದುಕೊಳ್ಳಿ. ಆಗ 53ಕ್ಕೆ ಬಿಡುವವರಿಗೆ ವರ್ಷದ ಖರ್ಚಿನ 27 ಪಟ್ಟು ಬೇಕು, 60ಕ್ಕೆ ಬಿಡುವವರಿಗೆ 22 ಪಟ್ಟು. ಬೆಳವಣಿಗೆ ಸೊನ್ನೆ ಅಂದರೆ 32 ಮತ್ತು 25. ತಿಂಗಳಿಗೆ 45,000, ವರ್ಷಕ್ಕೆ 5.4 ಲಕ್ಷ, 27 ಪಟ್ಟು ಅಂದರೆ 1.46 ಕೋಟಿ. ಇವರ ಬಳಿ ಇದ್ದದ್ದು 58.5 ಲಕ್ಷ. ಬಾಡಿಗೆ, ಪಿಂಚಣಿ ಇದ್ದರೆ ಖರ್ಚಿನಿಂದ ಮೊದಲು ಕಳೆದು ಆಮೇಲೆ ಗುಣಿಸಿ. ಮಗಳ ಮದುವೆ, ಮನೆ ರಿಪೇರಿ, ವಿಮೆ ಕೊಡದ ಆಸ್ಪತ್ರೆ ಖರ್ಚು ಇದರ ಹೊರಗೆ ಬೇರೆ ತೆಗೆದಿಡಬೇಕು. ಇರುವ ಮನೆ, ಒಡವೆ ಲೆಕ್ಕಕ್ಕಿಲ್ಲ, ಅವನ್ನ ಮಾರಿ ದಿನಸಿ ತರೋದಿಲ್ಲ ತಾನೆ.

ಎಲ್ಲವೂ ಎಫ್‌ಡಿಯಲ್ಲಿದ್ದರೆ ಆ ಶೇ 1 ಕೂಡ ಕಷ್ಟ. ಕಾಲು ಭಾಗದಷ್ಟು ಇಂಡೆಕ್ಸ್ ಫಂಡಿನಲ್ಲಿ (ಸೆನ್ಸೆಕ್ಸ್ ಥರದ ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ಮ್ಯೂಚುವಲ್ ಫಂಡ್) ಇರಲಿ. ಆದರೆ 2008ರ ಜನವರಿಯಲ್ಲಿ 21,000 ಮುಟ್ಟಿದ ಸೆನ್ಸೆಕ್ಸ್ ಅಕ್ಟೋಬರಿಗೆ 9,000ಕ್ಕಿಂತ ಕೆಳಗೆ ಬಂದಿತ್ತು. ನಿವೃತ್ತಿಯ ಮೊದಲ ಎರಡು ಮೂರು ವರ್ಷದಲ್ಲೇ ಇಂಥದ್ದು ಬಂದು, ಬಿದ್ದ ಬೆಲೆಗೆ ಮಾರಿ ಮನೆ ನಡೆಸಿದರೆ ಮಾರುಕಟ್ಟೆ ಮತ್ತೆ ಎದ್ದರೂ ನಿಮ್ಮ ದುಡ್ಡು ಏಳೋದಿಲ್ಲ. ಅದಕ್ಕೇ ಮೂರು ವರ್ಷದ ಖರ್ಚು ಸದಾ ಬ್ಯಾಂಕಿನಲ್ಲಿ ಇರಬೇಕು.

ಈಗಾಗಲೇ ಅರ್ಜಿ ಕೊಟ್ಟವರು ವಯಸ್ಸು ನೋಡಿಕೊಳ್ಳಿ. ಹಿರಿಯ ನಾಗರಿಕರ ಉಳಿತಾಯ ಯೋಜನೆ ಸಾಮಾನ್ಯವಾಗಿ 60 ತುಂಬಿದವರಿಗೆ. ಮಿತಿ 30 ಲಕ್ಷ, 2023ರ ಏಪ್ರಿಲ್‌ನಿಂದ ದರ ಶೇ 8.2, ಪೂರ್ತಿ ಹಾಕಿದರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಖಾತೆ ತೆರೆದ ದಿನದ ದರವೇ ಐದು ವರ್ಷವೂ ನಡೆಯುತ್ತೆ. 55ರಿಂದ 60ರ ನಡುವೆ ನಿವೃತ್ತಿ ಅಥವಾ ವಿಆರ್‌ಎಸ್ ಆದವರಿಗೂ ಬಾಗಿಲಿದೆ, ಆದರೆ ನಿವೃತ್ತಿ ಹಣ ಕೈಗೆ ಬಂದ ಮೂರು ತಿಂಗಳೊಳಗೆ, ಆ ಹಣದಷ್ಟಕ್ಕೆ ಮಾತ್ರ. 54ಕ್ಕೆ ಬಿಟ್ಟರೆ 60ರವರೆಗೆ ಹೊರಗೇ. ಅಂದರೆ 54 ವರ್ಷ 8 ತಿಂಗಳ ವಯಸ್ಸಿನಲ್ಲಿ ಸಹಿ ಮಾಡುವವರು ನಾಲ್ಕು ತಿಂಗಳು ತಡೆದರೆ ಈ ಬಾಗಿಲು ತೆರೆದಿರುತ್ತೆ. ಸ್ಕೀಮಿನ ಕೊನೇ ದಿನಾಂಕ ಅಷ್ಟು ದೂರ ಇದೆಯಾ, ಅಂಗೀಕಾರ ಆಗುವ ಮುಂಚೆ ಅರ್ಜಿ ವಾಪಸ್ ತಗೊಳ್ಳಬಹುದಾ ಅನ್ನೋದನ್ನ ಷರತ್ತಿನ ಹಾಳೆಯಲ್ಲೇ ಓದಿ, ಯೂನಿಯನ್‌ನವರ ಬಾಯಿ ಮಾತಿಗೆ ಬಿಡಬೇಡಿ. ರಿಲೀವ್ ಆಗುವ ದಿನ ಎಚ್‌ಆರ್‌ನಿಂದ ಒಂದು ಪತ್ರ ಬರೆಸಿಕೊಳ್ಳಿ: ಯಾವ ಹುದ್ದೆ, ಯಾವಾಗಿಂದ ಯಾವಾಗಿನವರೆಗೆ ಸೇವೆ, ನಿವೃತ್ತಿ ಯಾವ ರೀತಿಯದು, ಯಾವ ಯಾವ ಹಣ ಎಷ್ಟೆಷ್ಟು. ಅದರ ಜೊತೆ ಹಣ ಜಮಾ ಆದ ದಿನಾಂಕ ತೋರಿಸುವ ಪಾಸ್‌ಬುಕ್ ಹಾಳೆ ಇಲ್ಲದೆ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ 60ರ ಒಳಗಿನವರ ಅರ್ಜಿ ಮುಂದೆ ಹೋಗೋದಿಲ್ಲ.