ಎಲ್ಲವೂ ಒಂದೇ ಕಟ್ಟಿನಲ್ಲಿ ಎಂದು ಮಾರುವ ಎಸ್ಪ್ರೆಸೊ ಯಂತ್ರ: ಹಣ ಕೊಡುವ ಮುನ್ನ ಓದಿ

ಒತ್ತಡದ ಬಿಸಿನೀರಿನಿಂದ ಗಟ್ಟಿ ಕಾಫಿ ಇಳಿಸುವ ಎಸ್ಪ್ರೆಸೊ ಯಂತ್ರವನ್ನು ಮನೆಗೆ ತರಬೇಕೆಂದು ಹಣ ಕೂಡಿಸಿಟ್ಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಂತ್ರ, ಅದರ ತಲೆಯ ಮೇಲೆಯೇ ಕೂರಿಸಿದ ಗ್ರೈಂಡರ್, ಬೀಜ ಹುರಿಯಲು ಪುಟ್ಟ ರೋಸ್ಟರ್, ಜೊತೆಗೆ ಹಸಿ ಬೀಜದ ಪೊಟ್ಟಣ: ಎಲ್ಲವನ್ನೂ ಒಂದೇ ಬೆಲೆಗೆ ಕಟ್ಟಿಕೊಡುವ ವ್ಯಾಪಾರ ಈಗ ಜೋರಾಗಿದೆ. ನಾನು ಬೆಂಗಳೂರಿನ ಒಂದು ಮಳಿಗೆಯಲ್ಲಿ ಕೊಂಡದ್ದು ಇಂಥ ಕಟ್ಟನ್ನೇ. ದೂರು ಇನ್ನೂ ವಿಚಾರಣೆಯಲ್ಲಿರುವುದರಿಂದ ಮಳಿಗೆಯ ಹೆಸರು ಹೇಳುವುದಿಲ್ಲ. ಹೆಸರಿಗಿಂತ ಅವರು ಮಾರಿದ ರೀತಿ ನಿಮಗೆ ಗೊತ್ತಾಗುವುದು ಮುಖ್ಯ.

ಮಳಿಗೆಯಲ್ಲಿ ಅವರು ನನ್ನ ಕಣ್ಣೆದುರಿಗೇ ಬೀಜ ಪುಡಿ ಮಾಡಿ, ಯಂತ್ರದ ಹಿಡಿಕೆಯ ಬುಟ್ಟಿಗೆ ತುಂಬಿ, ಗುಂಡಿ ಒತ್ತಿದರು. ಲೋಟದ ಮೇಲೆ ಹೊಂಬಣ್ಣದ ದಪ್ಪ ನೊರೆ ನಿಂತಿತು. "ನೋಡಿ ಮೇಡಂ, 20 ಬಾರ್ ಒತ್ತಡ. ಕೆಫೆಯ ಯಂತ್ರಕ್ಕೂ ಇಷ್ಟಿರುವುದಿಲ್ಲ" ಎಂದರು. ಈ ಮಾತು ಕೇಳಿದ ಕೂಡಲೇ ನೀವು ಎದ್ದು ಬರಬಹುದು. ಎಸ್ಪ್ರೆಸೊಗೆ ಬೇಕಾದದ್ದು ಸುಮಾರು 9 ಬಾರ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಾನಿನ ಅಕಿಲೆ ಗಾಜ್ಜಿಯಾ ಸ್ಪ್ರಿಂಗ್ ಹಿಡಿಕೆಯ ಯಂತ್ರ ತಂದರು. ಕಾಫಿಯ ಮೇಲೆ ಕ್ರೆಮಾ ಎಂಬ ನೊರೆ ನಿಲ್ಲತೊಡಗಿದ್ದು ಆಗಲೇ. 1961ರಲ್ಲಿ ಫಾಯೆಮಾ ಕಂಪನಿಯ ಇ61 ಯಂತ್ರ ನೀರನ್ನು ಒತ್ತುವ ಕೆಲಸವನ್ನು ಮೋಟಾರು ಪಂಪಿಗೆ ಒಪ್ಪಿಸಿತು. ಇಂದಿಗೂ ಕೆಫೆಗಳು ನೆಚ್ಚಿಕೊಂಡಿರುವುದು ಆ 9ರ ಆಸುಪಾಸನ್ನೇ. ಮನೆಯ ಯಂತ್ರದ ಪೆಟ್ಟಿಗೆಯ ಮೇಲೆ ಬರೆದಿರುವ 15, 20 ಎಂಬುದು ಪುಟ್ಟ ಕಂಪನ ಪಂಪ್ ಮುಟ್ಟಬಹುದಾದ ಗರಿಷ್ಠ ಒತ್ತಡ. ಒಳ್ಳೆಯ ಯಂತ್ರದೊಳಗೆ ಆ ಒತ್ತಡವನ್ನು ಇಳಿಸಲೆಂದೇ ಒಂದು ಕವಾಟ ಇರುತ್ತದೆ. ಆ ಕವಾಟದ ಬಗ್ಗೆ ಕೇಳಿದಾಗ ಮಾರುವವನು ಏನು ಹೇಳುತ್ತಾನೆಂದು ಗಮನಿಸಿ. ನಾನು ಕೇಳಿದಾಗ ಮಾತು ಬಣ್ಣಗಳ ಕಡೆಗೆ ಹೊರಳಿತು.

ಇನ್ನು ಆ ನೊರೆಯ ಗುಟ್ಟು. ಪುಡಿ ತುಂಬುವ ಲೋಹದ ಬುಟ್ಟಿಯಲ್ಲಿ ಎರಡು ಬಗೆ. ಮೊದಲನೆಯದು ಒಂಟಿ ಗೋಡೆಯದು. ಬೆಳಕಿಗೆ ಹಿಡಿದರೆ ತಳದ ನೂರಾರು ತೂತುಗಳಲ್ಲೂ ಬೆಳಕು ಕಾಣುತ್ತದೆ. ಎರಡನೆಯದು ಜೋಡಿ ಗೋಡೆಯದು. ಒಳಗಿನಿಂದ ನೋಡಿದರೆ ತುಂಬ ತೂತುಗಳಿರುತ್ತವೆ, ತಿರುಗಿಸಿದರೆ ಹೊರಗೋಡೆಯಲ್ಲಿ ಸೂಜಿಮೊನೆಯಷ್ಟು ಒಂದೇ ರಂಧ್ರ. ಕಾಫಿಯೆಲ್ಲ ಆ ಒಂದೇ ರಂಧ್ರದಿಂದ ನುಗ್ಗಬೇಕಾದ್ದರಿಂದ ಪುಡಿ ಹೇಗಿದ್ದರೂ ಒತ್ತಡ ಹುಟ್ಟುತ್ತದೆ, ಪುಡಿ ಹೇಗಿದ್ದರೂ ನೊರೆ ಬರುತ್ತದೆ. ಹಳೆಯ ಪುಡಿಯಾಗಲಿ ತರಿ ಪುಡಿಯಾಗಲಿ, ಮೇಲ್ನೋಟಕ್ಕೆ ಒಂದೇ ರೀತಿ. ಅಂಗಡಿ ಪುಡಿ ತಂದು ಕುಡಿಯುವವರಿಗೆ ಈ ಬುಟ್ಟಿ ಅನುಕೂಲವೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗ್ರೈಂಡರನ್ನೂ ಸೇರಿಸಿ ಮಾರುತ್ತಿರುವಾಗ ಇದೇ ಬುಟ್ಟಿಯಲ್ಲಿ ಪ್ರಾತ್ಯಕ್ಷಿಕೆ ಕೊಡುವುದು ಮೋಸ. ಗ್ರೈಂಡರ್ ಎಷ್ಟು ಕೆಟ್ಟದ್ದೆಂದು ಅದು ಪೂರ್ತಿ ಮುಚ್ಚಿಬಿಡುತ್ತದೆ.

ಮನೆಗೆ ತಂದು ಒಂಟಿ ಗೋಡೆಯ ಬುಟ್ಟಿ ಹಾಕಿದಾಗ ಆದದ್ದು ಇಷ್ಟು. ಸಾಮಾನ್ಯ ಅಳತೆಯೆಂದರೆ 18 ಗ್ರಾಂ ಪುಡಿ, 25ರಿಂದ 30 ಸೆಕೆಂಡಿನಲ್ಲಿ ಸುಮಾರು 36 ಗ್ರಾಂ ಕಾಫಿ. ಗ್ರೈಂಡರಿನ ಚಕ್ರವನ್ನು ಒಂದು ಹಲ್ಲಿನಲ್ಲಿ ನಿಲ್ಲಿಸಿದರೆ ಕಾಫಿ ತೆಳ್ಳಗೆ, ಹುಳಿಯಾಗಿ, ಏಳೆಂಟು ಸೆಕೆಂಡಿನಲ್ಲಿ ಸುರಿದು ಮುಗಿಯುತ್ತಿತ್ತು. ಮುಂದಿನ ಹಲ್ಲಿಗೆ ತಂದರೆ ಒಂದು ಹನಿಯೂ ಇಳಿಯದೆ ಪಂಪ್ ನರಳುತ್ತಿತ್ತು. ಬೇಕಾದ ಅಳತೆ ಆ ಎರಡರ ನಡುವೆ ಎಲ್ಲೋ ಇತ್ತು, ಅಲ್ಲಿ ನಿಲ್ಲಿಸಲು ಚಕ್ರದಲ್ಲಿ ಜಾಗವೇ ಇರಲಿಲ್ಲ. ಒಂಟಿ ಗೋಡೆಯ ಬುಟ್ಟಿಯಲ್ಲಿ ನೀರನ್ನು ತಡೆಯುವುದು ಪುಡಿಯ ಹಾಸು ಮಾತ್ರ, ಆದ್ದರಿಂದ ನುಣುಪಿನಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಎಲ್ಲವೂ ಬದಲಾಗುತ್ತದೆ. ಅಷ್ಟು ಸಣ್ಣ ಹೆಜ್ಜೆಗಳಲ್ಲಿ, ಅಥವಾ ಹೆಜ್ಜೆಯೇ ಇಲ್ಲದೆ, ತಿರುಗಿಸಬಲ್ಲ ಗ್ರೈಂಡರ್ ಇಲ್ಲದಿದ್ದರೆ ಲಕ್ಷ ರೂಪಾಯಿಯ ಯಂತ್ರವೂ ನಿಷ್ಪ್ರಯೋಜಕ. ಸೇರಿಸಿ ಕೊಡುವ ಗ್ರೈಂಡರಿನ ಪುಡಿಯನ್ನು ಒಮ್ಮೆ ಬಿಳಿ ಕಾಗದದ ಮೇಲೆ ಉಜ್ಜಿ ನೋಡಿ. ನನ್ನದರಲ್ಲಿ ಮೈದಾ ನುಣುಪಿನ ದೂಳೂ ರವೆ ಗಾತ್ರದ ತರಿಯೂ ಒಟ್ಟಿಗೇ ಇದ್ದವು. ದೂಳು ಕಹಿ ಬಿಡುತ್ತದೆ, ತರಿ ಹುಳಿ ಬಿಡುತ್ತದೆ, ಒಂದೇ ಗುಟುಕಿನಲ್ಲಿ ಎರಡೂ ಬಾಯಿಗೆ ಬರುತ್ತವೆ.

ಬೀಜದ ವಿಷಯಕ್ಕೆ ಬರುತ್ತೇನೆ. ಇದು ನನಗೆ ಹೆಚ್ಚು ನೋವು ತಂದದ್ದು, ಏಕೆಂದರೆ ಕಾಫಿ ನಮ್ಮ ಊರುಗಳ ಬೆಳೆ. ದೇಶದ ಕಾಫಿಯ ಬಹುಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಪೊಟ್ಟಣದ ಮೇಲೆ 'ಪ್ಲಾಂಟೇಶನ್ ಎ' ಎಂದಿತ್ತು. ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಅರೇಬಿಕಾ ಜಾತಿಯ ಕಾಫಿಯನ್ನು ವ್ಯಾಪಾರದಲ್ಲಿ ಪ್ಲಾಂಟೇಶನ್ ಎನ್ನುತ್ತಾರೆ. ಹಣ್ಣನ್ನು ಹಾಗೆಯೇ ಒಣಗಿಸಿದರೆ ಅದು ಚೆರ್ರಿ. 'ಎ' ಎಂಬುದು ಜರಡಿ ಹಿಡಿದು ವಿಂಗಡಿಸಿದ ದಪ್ಪ ಬೀಜದ ದರ್ಜೆ. ನನ್ನ ಚಿಕ್ಕಪ್ಪ ಹಾಸನದ ಕಡೆಯ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ, ಅಂದರೆ ಕಾಫಿ ಬೀಜ ಸುಲಿದು ವಿಂಗಡಿಸುವ ಕಾರ್ಖಾನೆಯಲ್ಲಿ, ದುಡಿದವರು. ಪೊಟ್ಟಣವನ್ನು ಮೊರದ ಮೇಲೆ ಸುರಿದು, ಬೆರಳಿನಿಂದ ಎರಡು ಸಲ ಸವರಿ, "ಇದು ಎ ಅಲ್ಲಮ್ಮ. ಬಿಟ್ಸ್ ಬೆರೆಸಿದ್ದಾರೆ, ರೋಬಸ್ಟಾ ಕೂಡ ಇದೆ" ಎಂದರು. ಬಿಟ್ಸ್ ಎಂದರೆ ಒಡೆದ ಬೀಜ, ರೋಬಸ್ಟಾ ಕಾಫಿಯ ಇನ್ನೊಂದು ಜಾತಿ. ಅವರು ತೋರಿಸಿದ್ದನ್ನು ನೀವೂ ನೋಡಬಹುದು. ಅರೇಬಿಕಾ ಬೀಜ ತುಸು ಉದ್ದ, ನಡುವಿನ ಗೀರು ಡೊಂಕು. ರೋಬಸ್ಟಾ ಗುಂಡಗೆ, ಗೀರು ನೇರ. ತೊಳೆದ ಹೊಸ ಬೀಜ ನೀಲಿ ಮಿಶ್ರಿತ ಹಸಿರು ಬಣ್ಣಕ್ಕಿರುತ್ತದೆ, ಹಳೆಯದಾದಂತೆ ಬಿಳಿಚಿಕೊಳ್ಳುತ್ತದೆ. ಕಾಯಿಕೊರಕ ಹುಳು ಹೊಕ್ಕ ಬೀಜದಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಇರುತ್ತದೆ. ಒಡಕಲು, ಕಪ್ಪು ಬೀಜ, ಬೀಜದ ಮೇಲಿನ ಒಣ ಹೊದಿಕೆಯಾದ ಪಾರ್ಚ್‌ಮೆಂಟ್ ಚೂರು ಎಲ್ಲವೂ ನನ್ನ ಪೊಟ್ಟಣದಲ್ಲಿ ಇದ್ದವು. ರೋಬಸ್ಟಾ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ತೊಳೆದ ರೋಬಸ್ಟಾ ಎಸ್ಪ್ರೆಸೊಗೆ ಒಳ್ಳೆಯ ಮೈಕಟ್ಟು ಕೊಡುತ್ತದೆ. ಆದರೆ ಅರೇಬಿಕಾದ ಬೆಲೆ ತೆಗೆದುಕೊಂಡು ಅದನ್ನು ಕೊಡಬಾರದು. ಬೆರಕೆ ಬೀಜ ಒಂದೇ ಸಮನೆ ಹುರಿದುಕೊಳ್ಳುವುದೂ ಇಲ್ಲ. ಒಂದು ಕರಕಾಗುವಾಗ ಇನ್ನೊಂದು ಇನ್ನೂ ಹಳದಿಯಲ್ಲೇ ಇರುತ್ತದೆ.

ಆ ಬೀಜದ ನಡುವೆ ಕಲ್ಲೂ ಇತ್ತು. ಕಾಫಿಯನ್ನು ಕಣದಲ್ಲಿ ಹರಡಿ ಒಣಗಿಸುವಾಗ ಸಣ್ಣ ಕಲ್ಲು ಸೇರುವುದು ಸಹಜ, ಅದನ್ನು ತೆಗೆಯಲೆಂದೇ ಸಂಸ್ಕರಣೆಯ ಹಂತದಲ್ಲಿ ಕಲ್ಲು ಬೇರ್ಪಡಿಸುವ ಯಂತ್ರಗಳಿವೆ. ಹುರಿದ ಮೇಲೆ ಕಲ್ಲಿಗೂ ಬೀಜದ ಬಣ್ಣವೇ ಹತ್ತುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಮೊರದಲ್ಲಿ ಆರಿಸಿದ ಬೀಜವನ್ನೇ ಗ್ರೈಂಡರಿಗೆ ಹಾಕಿದ್ದರೂ ಒಂದು ದಿನ ಅದು 'ಕರಕ್' ಎಂದು ನಿಂತಿತು. ಮಳಿಗೆಯವರು ಕಳುಹಿಸಿದ ರಿಪೇರಿಯವನು ಬಿಚ್ಚಿ, ಮೆಣಸಿನ ಕಾಳಿಗಿಂತ ಸಣ್ಣದೊಂದು ಕಂದು ಕಲ್ಲನ್ನೂ ಬೀಜ ಅರೆಯುವ ಹಲ್ಲಿನ ಚಕ್ರವಾದ, ಅಂಚು ಮುರಿದ ಬರ್‌ ಅನ್ನೂ ಮೇಜಿನ ಮೇಲಿಟ್ಟ. ಎರಡು ಹಲ್ಲುಗಳ ತುದಿ ಹಾರಿಹೋಗಿತ್ತು. ಹೊರಗಿನ ವಸ್ತು ಸಿಕ್ಕಿದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ ಎಂದು ಕಾಗದದಲ್ಲಿ ಬರೆದುಕೊಟ್ಟು ಹೋದ. ಬೀಜವನ್ನೂ ಮಾರಿದವರು ಅವರೇ! ಅದನ್ನು ಹೇಳಿದಾಗ, ಯಂತ್ರದ ಬಿಲ್ಲು ಬೇರೆ ಸಂಸ್ಥೆಯದು, ಬೀಜದ ಬಿಲ್ಲು ಬೇರೆ ಸಂಸ್ಥೆಯದು ಎಂಬ ಉತ್ತರ ಬಂತು. ಒಂದೇ ಕಟ್ಟೆಂದು ಮಾರುವಾಗ ಇಲ್ಲದ ಈ ಬೇಲಿ ದೂರು ಬಂದಾಗ ಎಲ್ಲಿಂದ ಬಂತು?

ಅವರು ಇನ್ನೊಂದು ಕಾರಣವನ್ನೂ ಸೇರಿಸಿದ್ದರು: 'ಮನೆಯಲ್ಲಿ ಹುರಿದ ಗಟ್ಟಿ ಬೀಜ ಬಳಸಿದ್ದಾರೆ.' ತಿಳಿಯಾಗಿ ಹುರಿದ ಬೀಜ ಕಪ್ಪಗೆ ಹುರಿದದ್ದಕ್ಕಿಂತ ಗಟ್ಟಿ ಎಂಬುದು ನಿಜ, ಸಣ್ಣ ಮೋಟಾರುಗಳು ಅದಕ್ಕೆ ಏದುಸಿರು ಬಿಡುತ್ತವೆ ಎಂಬುದೂ ನಿಜ. ಹಾಗಿದ್ದರೆ ಅದೇ ಕಟ್ಟಿನಲ್ಲಿ ರೋಸ್ಟರ್ ಏಕೆ ಕೊಟ್ಟರು?

ಆ ರೋಸ್ಟರಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಆದರೆ ಇದು ಸುರಕ್ಷತೆಯ ಮಾತು. ಬೀಜ ಹುರಿಯುವಾಗ ಅದರ ಬೆಳ್ಳಿ ಸಿಪ್ಪೆ ಹೊಟ್ಟಾಗಿ ಉದುರುತ್ತದೆ. ಕಾದ ತಂತಿಯ ಬಳಿ ಅದು ಕೂಡಿಕೊಂಡರೆ ಹೊತ್ತಿಕೊಳ್ಳುತ್ತದೆ. ನನಗೆ ಕೊಟ್ಟ ರೋಸ್ಟರಿನಲ್ಲಿ ಹೊಟ್ಟು ಬೀಳಲು ಬೇರೆ ತಟ್ಟೆಯೇ ಇರಲಿಲ್ಲ, ಬೀಜವನ್ನು ಬೇಗ ತಣಿಸುವ ಗಾಳಿಯ ಏರ್ಪಾಡೂ ಇರಲಿಲ್ಲ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬೀಜ 'ಪಟ್ ಪಟ್' ಎಂದು ಮೊದಲ ಸಲ ಸಿಡಿಯುತ್ತದೆ. ಇನ್ನೂ ಕಾದರೆ, 225ರ ಸುಮಾರಿಗೆ, 'ಚಿಟಿ ಚಿಟಿ' ಎಂಬ ಸಣ್ಣ ಸದ್ದಿನ ಎರಡನೆಯ ಸಿಡಿತ. ಈ ಎರಡರ ನಡುವಿನ ಸಮಯ ಬಹಳ ಕಡಿಮೆ. ತಣಿಸದಿದ್ದರೆ ಸ್ವಿಚ್ ಆರಿಸಿದ ಮೇಲೂ ಬೀಜ ತನ್ನ ಕಾವಿನಲ್ಲೇ ಬೇಯುತ್ತಾ ಹೋಗುತ್ತದೆ. ಹೊಟ್ಟಿಗೆ ಬೆಂಕಿ ತಗುಲಿದರೆ ಪ್ಲಗ್ ಕಿತ್ತು, ಮುಚ್ಚಳ ತೆರೆಯದೆ ಬಿಡಿ. ವಿದ್ಯುತ್ ಉಪಕರಣಕ್ಕೆ ನೀರು ಸುರಿಯಬೇಡಿ. ಹುರಿಯುವಾಗ ಅದರ ಬಳಿಯಿಂದ ಕದಲಲೇಬೇಡಿ. ಹುರಿಯುವ ಕಲೆಯನ್ನು ಕಲಿಯಬೇಕೆಂದಿದ್ದರೆ ಅಗಲವಾದ ಬಾಣಲೆ, ಮರದ ಸೌಟು, ತೆರೆದ ಕಿಟಕಿ, ತಣಿಸಲು ಒಂದು ಲೋಹದ ಜರಡಿ ಸಾಕು. ನಮ್ಮ ಅಜ್ಜಿಯರು ಹುರಿಯುತ್ತಿದ್ದದ್ದೂ ಹಾಗೆಯೇ. ಹುರಿದ ದಿನವೇ ತಾಜಾ ಎಸ್ಪ್ರೆಸೊ ಕುಡಿಯಿರಿ ಎಂಬ ಮಾತನ್ನೂ ನಂಬಬೇಡಿ. ಹೊಸದಾಗಿ ಹುರಿದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ನೊರೆ ಉಕ್ಕುತ್ತದೆ, ನೀರು ಸಮನಾಗಿ ಇಳಿಯುವುದಿಲ್ಲ. ಎಸ್ಪ್ರೆಸೊಗೆ ವಾರವಾದರೂ ಬಿಡಬೇಕು.

ಕೊಳ್ಳಲೇಬೇಕೆಂದಿದ್ದರೆ ಹಣದ ದೊಡ್ಡ ಪಾಲನ್ನು ಗ್ರೈಂಡರಿಗೆ ಇಡಿ, ಯಂತ್ರ ಸಾಧಾರಣದ್ದಾದರೂ ನಡೆಯುತ್ತದೆ. ದಿನಕ್ಕೆ ಒಂದೆರಡು ಲೋಟ ಸಾಕೆನ್ನುವವರಿಗೆ ಉಕ್ಕಿನ ಬರ್ ಇರುವ, ಎಸ್ಪ್ರೆಸೊಗೆಂದೇ ಸಣ್ಣ ಹೆಜ್ಜೆಗಳನ್ನು ಕೊಟ್ಟಿರುವ ಕೈ ಗ್ರೈಂಡರ್ ಇಂಥ ಕಟ್ಟಿನ ಗ್ರೈಂಡರಿಗಿಂತ ಎಷ್ಟೋ ಮೇಲು. ತಿರುಗಿಸಲು ತೋಳಿಗೆ ಸ್ವಲ್ಪ ಕೆಲಸ, ಅಷ್ಟೇ. ಫಿಲ್ಟರಿಗೂ ಎಸ್ಪ್ರೆಸೊಗೂ ಒಂದೇ ಗ್ರೈಂಡರ್ ಎಂದು ಮಾರಿದರೆ, ಎರಡಕ್ಕೂ ಅಲ್ಲೇ ಪುಡಿ ಮಾಡಿಸಿ ನೋಡಿ. ಬ್ಲೇಡ್ ತಿರುಗುವ ಮಿಕ್ಸಿ ಮಾದರಿಯದನ್ನು ಎಸ್ಪ್ರೆಸೊಗೆ ಯೋಚಿಸಲೂ ಬೇಡಿ. ಚಿಕೋರಿ ಬೆರೆತ ಪುಡಿಯನ್ನು ಯಂತ್ರಕ್ಕೆ ಹಾಕಬೇಡಿ, ಅದು ಅಂಟಿ ಬುಟ್ಟಿಯನ್ನು ಕಟ್ಟಿಬಿಡುತ್ತದೆ. ಅದರ ಜಾಗ ನಮ್ಮ ಹಿತ್ತಾಳೆ ಫಿಲ್ಟರಿನಲ್ಲಿ. 1450 ವಾಟ್ ಯಂತ್ರಕ್ಕೆ 6 ಆಂಪಿಯರ್ ಸಾಕೆಟ್ ಸಾಲದು, 16 ಆಂಪಿಯರಿನದು ಬೇಕು. ಅಮೆರಿಕದಿಂದ ನೆಂಟರು ತರುವ ಯಂತ್ರ 120 ವೋಲ್ಟ್, 60 ಹರ್ಟ್ಜ್‌ಗೆ ಮಾಡಿದ್ದು, ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಜನ್ನು ಬದಲಿಸುವುದಿಲ್ಲ. ಬೆಂಗಳೂರಿನ ಬೋರ್‌ವೆಲ್ ನೀರಿನ ಗಡಸಿನಿಂದ ಬಾಯ್ಲರಿನೊಳಗೆ ಸುಣ್ಣ ಕಟ್ಟುತ್ತದೆ. ನನ್ನ ವಾರಂಟಿ ಪತ್ರದ ಹಿಂಬದಿಯಲ್ಲಿ, ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ, ಸುಣ್ಣ ಕಟ್ಟಿದ್ದಕ್ಕೂ ಹೊಣೆಯಿಲ್ಲ ಎಂದಿತ್ತು. ಅದನ್ನು ಅಂಗಡಿಯಲ್ಲೇ ಕೇಳಿ ಪಡೆದು ಓದಿ.

ಈಗಾಗಲೇ ಇಂಥ ಕಟ್ಟು ಕೊಂಡು ಕಷ್ಟದಲ್ಲಿರುವವರು ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಹಾಗೆಯೇ. ನನ್ನ ದೂರಿಗೆ ಬಲ ಬಂದಿರುವುದು ಕೈಯಲ್ಲಿರುವ ಮೂರು ವಸ್ತುಗಳಿಂದ: ಎಲ್ಲವೂ ಒಂದೇ ಬೆಲೆಗೆ ಎಂದು ಅವರು ಮೊಬೈಲಿಗೆ ಕಳುಹಿಸಿದ ಸಂದೇಶ, ರಿಪೇರಿಯವನ ಕಾಗದ, ಮತ್ತು ಪೊಟ್ಟಣದಲ್ಲಿ ಉಳಿದಿರುವ ಬೀಜ. ಆ ಬೀಜವನ್ನು ಹುರಿದು ಮುಗಿಸದೆ ಪೊಟ್ಟಣದ ಸಮೇತ ಎತ್ತಿಡಲು ಹೇಳಿದವರು ಚಿಕ್ಕಪ್ಪ. ನೀವೂ ಒಂದು ಹಿಡಿಯನ್ನಾದರೂ ತೆಗೆದಿಡಿ, ಬಿಲ್ಲಿನಲ್ಲಿ ಯಂತ್ರ, ಗ್ರೈಂಡರ್, ಬೀಜದ ದರ್ಜೆ ಎಲ್ಲವನ್ನೂ ಒಂದೇ ಸಂಸ್ಥೆಯ ಹೆಸರಿನಲ್ಲಿ ಬೇರೆ ಬೇರೆ ಸಾಲಾಗಿ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಅಲ್ಲಿ ಕೊಳ್ಳಬೇಡಿ.